ಬಲಗಡೆ ಕೂತವರ ಪರಿಚಯ

ಜನವರಿ 14, ಮಂಗಳವಾರ

ನಾನು ಹೈಸ್ಕೂಲ್ ಮುಗಿಸಿಲ್ಲ. ಅಮ್ಮನಿಗೆ ಇದು ಗೊತ್ತಿಲ್ಲ. ಎರಡು ವರ್ಷವಾಗುತ್ತ ಬಂತು, ಎಲ್ಲೂ ಬರೆದಿರಲಿಲ್ಲ. ಬರೆದ ಮೇಲೆ ನೋಡಿದರೆ ಅರ್ಧ ಸಾಲಿಗೂ ಸಾಲದ ವಿಷಯ.

ಸುಳ್ಳು ಹೇಳಿದೆಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ, ಅದೂ ನಿಜ. ಹೈಸ್ಕೂಲಿನ ಕೊನೆಯ ವರ್ಷ, ಹನ್ನೆರಡನೇ ತರಗತಿಯ ಫೆಬ್ರವರಿಯಲ್ಲಿ ಅಜ್ಜಿಗೆ ಹುಷಾರು ತಪ್ಪಿತು. ಅಮ್ಮ ಗಡಿ ದಾಟಿ ಮೆಕ್ಸಿಕೋದ ಪಿಯೆದ್ರಾಸ್ ನೆಗ್ರಾಸ್‌ಗೆ ಹೋದವಳು ಅಜ್ಜಿಯನ್ನು ಮಣ್ಣು ಮಾಡಿ ಜುಲೈನಲ್ಲಿ ಬಂದಳು. ಆ ನಡುವೆ ನಾನು ಶಾಲೆ ಬಿಟ್ಟೆ. ಅಮ್ಮನ ಕಸೂತಿ ಅಂಗಡಿ ನೋಡಿಕೊಳ್ಳಲು ಬಿಟ್ಟೆ ಎಂದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅಂಗಡಿಯನ್ನು ಚಿಕ್ಕಮ್ಮ ನೋಡಿಕೊಳ್ಳುತ್ತಿದ್ದಳು. ಯಾರೂ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನನಗೆ ತರಗತಿಯಲ್ಲಿ ಕೂರಲು ಆಗಲಿಲ್ಲ, ಅಷ್ಟೇ. ಒಂದು ಸೋಮವಾರ ಬಸ್ಸಿನಿಂದ ಇಳಿಯದೆ ಕೊನೆಯ ನಿಲ್ದಾಣದವರೆಗೆ ಹೋದೆ. ಮಂಗಳವಾರವೂ ಹೋದೆ.

ಅಮ್ಮ ವಾಪಸ್ ಬಂದು ಚೀಲ ಕೆಳಗಿಡುವ ಮುಂಚೆ ಕೇಳಿದ್ದು, "ಸರ್ಟಿಫಿಕೇಟ್ ಬಂತಾ?"

"ಇಲ್ಲ, ಬಂದಿಲ್ಲ" ಎಂದೆ.

ಇದರಲ್ಲಿ ಒಂದಕ್ಷರ ಸುಳ್ಳಿದೆಯೇ? ಅಂದಿನಿಂದ ತಿಂಗಳಿಗೊಮ್ಮೆ ಕೇಳುತ್ತಾಳೆ, ತಿಂಗಳಿಗೊಮ್ಮೆ ನಿಜ ಹೇಳುತ್ತೇನೆ. ಅಮ್ಮ ಅಂಚೆಯವರನ್ನು ಬೈಯುತ್ತಾಳೆ. ನಮ್ಮ ಬೀದಿಯ ಅಂಚೆಯವನಿಗೆ ಕ್ರಿಸ್‌ಮಸ್‌ನಲ್ಲಿ ತಮಾಲೆ ಕಡುಬು ಕಟ್ಟಿ ಕೊಡುವುದನ್ನೂ ನಿಲ್ಲಿಸಿದ್ದಾಳೆ. ಪಾಪ, ಅವನು ಈಗಲೂ ಡಿಸೆಂಬರ್ ಕೊನೆಯಲ್ಲಿ ನಮ್ಮ ಬಾಗಿಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾನೆ.

ಇದನ್ನೆಲ್ಲ ಇವತ್ತು ಬರೆಯಲು ಕಾರಣ: ಅಮ್ಮ ಸ್ಪ್ಯಾನಿಷ್ ಮಾತಾಡುವ ನಮ್ಮಂಥ ಹಿಸ್ಪಾನಿಕ್ ವ್ಯಾಪಾರಿಗಳ ಒಕ್ಕೂಟಕ್ಕೆ ಸದಸ್ಯೆಯಾಗಿದ್ದಾಳೆ. ಪ್ರತಿ ಬುಧವಾರ ಬೆಳಿಗ್ಗೆ ಏಳಕ್ಕೆ ಅವರ ತಿಂಡಿ ಕೂಟ. ಹೋಗಬೇಕಾದವಳು ನಾನಂತೆ.

"ನೀನೇ ಹೋಗು, ಅಂಗಡಿ ನಿಂದು" ಎಂದೆ.

"ಏಳಕ್ಕೆ ಬಂದು ಅಂಗಿ ಕೇಳೋ ಕೆಲಸಗಾರರಿಗೆ ಸತ್ತ ನಿಮ್ಮಜ್ಜಿ ಎದ್ದು ಬಂದು ಕೊಡ್ತಾಳಾ? ನಾಲ್ಕು ಜನರ ಪರಿಚಯ ಮಾಡ್ಕೊಂಡು ಬಾ. ಓದಿದೋಳು ನೀನು."

ನಿಜವಾದ ಕಾರಣ ಬೇರೆ. ಗಲ್ಲಾದ ಹಿಂದೆ ನಿಂತರೆ ಅಮ್ಮ ರಾಣಿ. ಜನರ ಮುಂದೆ ಎದ್ದು ನಿಲ್ಲಿಸಿದರೆ ಅವಳ ನಾಲಿಗೆ ಒಣಗುತ್ತದೆ. ಚರ್ಚಿನಲ್ಲಿ ಒಮ್ಮೆ ನಾಲ್ಕು ಸಾಲು ಓದಲು ಹೇಳಿದ್ದಕ್ಕೆ ಮೂರು ವಾರ ಬೇರೆ ಚರ್ಚಿಗೆ ಹೋಗಿದ್ದಳು.

ಜನವರಿ 15, ಬುಧವಾರ

ನಮ್ಮೂರು ಸಾನ್ ಆಂಟೋನಿಯೋದ ದಕ್ಷಿಣ ಭಾಗದಲ್ಲಿ ಮದುವೆಗೆ ಬಾಡಿಗೆ ಕೊಡುವ ಒಂದು ಹಾಲ್. ಆರು ಮೇಜು, ಮೇಜಿಗೆ ಆರು ಜನ. ಫಾಯಿಲ್ ಸುತ್ತಿದ ಟಾಕೊ ರೊಟ್ಟಿಗಳು, ಆಲೂಗಡ್ಡೆ-ಮೊಟ್ಟೆಯದೊಂದು ರಾಶಿ, ಬೀನ್ಸ್ ಕಾಳು-ಚೀಸಿನದೊಂದು ರಾಶಿ. ಮಾಂಸದ್ದು ಆರೂ ಐವತ್ತಕ್ಕೇ ಖಾಲಿ, ಹಳಬರಿಗೆ ಅದು ಗೊತ್ತು.

ಅಧ್ಯಕ್ಷರು ದೋನ್ ಎವರಿಸ್ತೊ. ಹಿರಿಯರನ್ನು ನಾವು ಗೌರವಕ್ಕೆ ದೋನ್ ಎನ್ನುತ್ತೇವೆ, ಹೆಂಗಸಾದರೆ ದೋನ್ಯಾ. ಶವಸಂಸ್ಕಾರದ ಮನೆ ನಡೆಸುತ್ತಾರೆ. ಎಪ್ಪತ್ತು ದಾಟಿದ್ದಾರೆ, ಇಸ್ತ್ರಿ ಮಾಡಿದ ಬೂದು ಕೋಟು, ಮೆಲುದನಿ. ಅವರು ಕೈ ಕುಲುಕಿದರೆ ಪೆಟ್ಟಿಗೆಗೆಂದು ನಮ್ಮ ಅಳತೆ ತೆಗೆದುಕೊಳ್ಳುತ್ತಿದ್ದಾರೋ ಏನೋ ಅನಿಸುತ್ತದೆ.

ಕೂಟಕ್ಕೆ ಅವರೇ ಮಾಡಿದ ಒಂದು ನಿಯಮವಿದೆ. ಇಲ್ಲಿ ಯಾರೂ ತಮ್ಮ ಬಗ್ಗೆ ತಾವು ಮಾತಾಡುವಂತಿಲ್ಲ. ಟಾಕೊ ತಿನ್ನುತ್ತ ಹತ್ತು ನಿಮಿಷ ಬಲಗಡೆ ಕೂತವರನ್ನು ವಿಚಾರಿಸಬೇಕು. ಆಮೇಲೆ ಎದ್ದು, ಒಂದು ನಿಮಿಷದಲ್ಲಿ ಅವರ ಪರಿಚಯ ಮಾಡಿಕೊಡಬೇಕು. ನಿಮಿಷ ಮುಗಿದರೆ ದೋನ್ ಎವರಿಸ್ತೊ ಮೇಜಿನ ಗಂಟೆ ಒತ್ತುತ್ತಾರೆ.

"ತನ್ನನ್ನ ತಾನೇ ಹೊಗಳ್ಕೊಂಡ್ರೆ ಯಾರು ನಂಬ್ತಾರೆ, ಮಗಳೇ? ಅದಕ್ಕೇ ಈ ಏರ್ಪಾಡು" ಎಂದರು.

ಏರ್ಪಾಡಿನ ಫಲ ಹೀಗಿದೆ: ಈಗ ಎಲ್ಲರೂ ಪಕ್ಕದವರನ್ನು ಹೊಗಳುತ್ತಾರೆ, ತಮ್ಮ ಸರದಿಯಲ್ಲಿ ಬಡ್ಡಿ ಸಮೇತ ವಾಪಸ್ ಬರುತ್ತದೆಂದು. ಒಂದೇ ಲಾರಿ ಇರುವವನು "ಸಾರಿಗೆ ಉದ್ಯಮಿ". ಮನೆ ಹಿತ್ತಲಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುವವಳು "ಪ್ರಾಣಿ ಆರೋಗ್ಯ ಕ್ಷೇತ್ರದ ಮುಂದಾಳು".

ನನ್ನ ಬಲಗಡೆ ಛಾವಣಿ ಹಾಕುವ ಬಲ್ತಸಾರ್ ಕಿರೋಗ. ಅಮ್ಮನ ಅಂಗಡಿಯಲ್ಲಿ ಇಪ್ಪತ್ತು ಅಂಗಿಗೆ ಕಂಪನಿ ಹೆಸರು ಕಸೂತಿ ಹಾಕಿಸುವ ಯೋಚನೆಯಲ್ಲಿರುವವನು. ಹತ್ತು ನಿಮಿಷ ವಿಚಾರಿಸಿದೆ. ಎದ್ದು ನಿಂತು, ಅವನು ಹೇಳಿದ್ದನ್ನೇ ಹೇಳಿದೆ:

"ಇವರು ಬಲ್ತಸಾರ್ ಕಿರೋಗ. ಛಾವಣಿ ಹಾಕ್ತಾರೆ. ಮೂವತ್ತು ವರ್ಷದ ಅನುಭವ ಅಂದ್ರು. ವಯಸ್ಸು ಕೇಳಿದೆ, ನಲವತ್ತೊಂದು ಅಂದ್ರು. ಹನ್ನೊಂದನೇ ವಯಸ್ಸಲ್ಲಿ ಅಪ್ಪನಿಗೆ ಮೊಳೆ ಎತ್ತಿ ಕೊಟ್ಟಿದ್ದೂ ಲೆಕ್ಕಕ್ಕೆ ಸೇರಿದೆ. ಹೋದ ವರ್ಷ ಇವರು ಹಾಕಿದ ಛಾವಣೀಲಿ ಮೂರು ಸೋರಿದ್ವು. ಎರಡನ್ನ ಮಾರನೇ ದಿನವೇ ಹೋಗಿ ಸರಿ ಮಾಡಿದ್ರು, ದುಡ್ಡು ತಗೊಳ್ಳಲಿಲ್ಲ. ಮೂರನೇದು ಇವರ ಅತ್ತೆ ಮನೆ."

ಹಾಲ್ ತುಂಬ ನಗು. ಕಿರೋಗ ಮಾತ್ರ ನಗಲಿಲ್ಲ. ಅವನ ಹೆಂಡತಿ ಎದುರು ಮೇಜಿನಲ್ಲಿದ್ದಳು.

ನನ್ನ ಪರಿಚಯ ಮಾಡಬೇಕಾದವಳು ಎಡಗಡೆಯ ವಿಮೆ ಏಜೆಂಟ್. ಅವಳು ಕೇಳಿದಳು, ನಾನು ಹೇಳಿದೆ: ಹತ್ತೊಂಬತ್ತು ವರ್ಷ, ಶಾಲೆ ಅರ್ಧಕ್ಕೆ ಬಿಟ್ಟಿದ್ದೇನೆ, ಟೈರ್ ಅಂಗಡಿಯಲ್ಲಿ ಐದು ವಾರ, ಹೂವಿನಂಗಡಿಯಲ್ಲಿ ಒಂಬತ್ತು ದಿನ ಕೆಲಸ ಮಾಡಿದೆ, ಈಗ ಅಮ್ಮನ ಹತ್ತಿರ ಇದ್ದೇನೆ. ಅವಳು ಎದ್ದು, ಕೈ ಜೋಡಿಸಿ ಹೇಳಿದಳು: "ನಯೇಲಿ ಅರೆದೊಂದೊ! ವಿಶ್ವವಿದ್ಯಾಲಯಕ್ಕೆ ಹೋಗೋ ಮುಂಚೆ ಬೇರೆ ಬೇರೆ ಉದ್ಯಮಗಳಲ್ಲಿ ಅನುಭವ ಗಳಿಸ್ತಿರೋ ಯುವ ಪ್ರತಿಭೆ!"

ಚಪ್ಪಾಳೆ. ಇಂಥ ಕಡೆ ಇನ್ನೊಮ್ಮೆ ಹೋಗುವುದಿಲ್ಲ.

ಜನವರಿ 16, ಗುರುವಾರ

ಸುದ್ದಿ ನಿನ್ನೆ ನನಗಿಂತ ಮುಂಚೆಯೇ ಅಮ್ಮನನ್ನು ತಲುಪಿತ್ತು. "ಅತ್ತೆ ವಿಷಯ ಯಾಕೆ ತೆಗೆಯೋಕೆ ಹೋದೆ? ಇಪ್ಪತ್ತು ಅಂಗಿ ಹೋಯ್ತಲ್ಲೇ ಮಹಾರಾಯ್ತಿ!"

ಮಧ್ಯಾಹ್ನ ಕಿರೋಗ ಬಂದ. ಅಮ್ಮ ಕ್ಷಮೆ ಕೇಳಲು ಬಾಯಿ ತೆರೆದಳು. ಅವನು ಅಂಗಿಗಳ ಗಂಟನ್ನು ಗಲ್ಲಾದ ಮೇಲೆ ಹಾಕಿ, "ನಿನ್ನೆಯಿಂದ ನಾಲ್ಕು ಜನ ಫೋನ್ ಮಾಡಿದಾರೆ. ಸೋರಿದ್ರೆ ವಾಪಸ್ ಬರೋ ಕಿರೋಗ ನೀನೇನಾ ಅಂತ ಕೇಳ್ತಾರೆ" ಎಂದ. ನನ್ನ ಕಡೆ ಬೆರಳು ತೋರಿಸಿ, "ಇವಳನ್ನ ಮಾತ್ರ ನನ್ನ ಪಕ್ಕ ಕೂರಿಸ್ಬೇಡಿ" ಎಂದ. ಈಗ ಎಲ್ಲಿಗೆ ಎಂದು ಕೇಳಿದೆ. ಅತ್ತೆ ಮನೆಗೆ ಏಣಿ ತೆಗೆದುಕೊಂಡು ಹೋಗುತ್ತಿದ್ದಾನಂತೆ.

ಜನವರಿ 29, ಬುಧವಾರ

ಹೋಗುವುದಿಲ್ಲ ಎಂದು ಬರೆದಿದ್ದೆ. ಇದು ಮೂರನೇ ಸಲ.

ಜನ ಈಗ ನನ್ನ ಎಡಗಡೆ ಕೂರಲು ಒಲ್ಲರು, ಬಲಗಡೆಯಂತೂ ಮೊದಲೇ ಒಲ್ಲರು. ಖಾಲಿ ಕುರ್ಚಿಗಳ ನಡುವೆ ಕೂತು ಆರಾಮಾಗಿ ಎರಡು ಟಾಕೊ ತಿಂದೆ. ಕೊನೆಗೆ ಎಡಕ್ಕೆ ದೋನ್ ಎವರಿಸ್ತೊ ಬಂದು ಕೂತರು. ಅವರ ಪಕ್ಕವೂ ಯಾರೂ ಕೂರುವುದಿಲ್ಲ, ಕಾರಣ ಬೇರೆ.

ಅವರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಶಾಲೆ ಮುಗಿಸಿಲ್ಲ. ಅವರು ಎದ್ದು, ಎದೆಯ ಮೇಲೆ ಕೈಯಿಟ್ಟು, "ಈ ಹುಡುಗಿ ವಿದ್ಯಾಭ್ಯಾಸದಿಂದ ಸ್ವಲ್ಪ ಕಾಲ ವಿಶ್ರಾಂತಿ ಪಡೀತಿದಾಳೆ" ಎಂದರು. ಅವರ ವೃತ್ತಿಗೆ ಆ ಮಾತು ಸಹಜ. ನನಗೆ ಹೂಮಾಲೆಯೊಂದು ಕಡಿಮೆಯಾಯಿತು.

ಬಲಕ್ಕೆ ಬಂದವಳು ದೋನ್ಯಾ ಓರ್ತೆನ್ಸಿಯ. ಅರವತ್ತರ ಹತ್ತಿರ, ಉಗುರಿನ ಸಂದಿಯಲ್ಲಿ ಎಣ್ಣೆ, ಹಳೆಯ ವ್ಯಾನ್ ಒಂದಿದೆ. ಹೊಲಿಗೆ ಯಂತ್ರ, ಕಸೂತಿ ಯಂತ್ರ ರಿಪೇರಿ ಮಾಡುತ್ತ ದಕ್ಷಿಣ ಟೆಕ್ಸಸ್ ಎಲ್ಲ ತಿರುಗುತ್ತಾಳೆ.

"ನಿನ್ನ ವಿಷಯ ಕೇಳಿದೀನಿ" ಎಂದಳು. "ಹೋದ ವಾರ ಒಬ್ಬ ನನ್ನನ್ನ ತಂತ್ರಜ್ಞಾನ ಸಲಹೆಗಾರ್ತಿ ಅಂದ. ಸಲಹೆ ಕೊಟ್ರೆ ಯಂತ್ರ ನಡೆಯುತ್ತಾ? ನೀನಾದ್ರೂ ನೆಟ್ಟಗೆ ಹೇಳು."

"ಏನು ಹೇಳ್ಲಿ?"

"ರಿಪೇರಿಯವಳು ಅನ್ನು. ಸಿಟ್ಟಿನವಳು ಅನ್ನು. ನಾನು ಸರಿ ಮಾಡಿದ ಯಂತ್ರ ಮತ್ತೆ ಕೆಟ್ರೆ ಅದು ನಡೆಸೋರ ತಪ್ಪು ಅನ್ನು."

"ಯಾವಾಗ್ಲೂ ಅವರದೇ ತಪ್ಪಾ?"

ಅವಳು ಟಾಕೊ ಕೆಳಗಿಟ್ಟು ಯೋಚಿಸಿದಳು. "ಹತ್ತರಲ್ಲಿ ಏಳು ಸಲ."

ಹತ್ತರಲ್ಲಿ ಏಳು ಎಂದೇ ಹೇಳಿದೆ. ಅವಳು ಮೇಜು ಗುದ್ದಿ ನಕ್ಕಳು.

ಫೆಬ್ರವರಿ 5, ಬುಧವಾರ

ಇವತ್ತಿನ ನನ್ನ ಪರಿಚಯ: "ಸಾಂಪ್ರದಾಯಿಕ ಶಿಕ್ಷಣದ ಚೌಕಟ್ಟಿನಾಚೆಗೆ ಯೋಚಿಸುವವಳು." ಹೇಳಿದವನು ಹಲ್ಲಿನ ಡಾಕ್ಟರ್. ನಾನು ಹೇಳಿದ್ದು "ಶಾಲೆ ಬಿಟ್ಟೆ" ಎಂಬ ಎರಡೇ ಶಬ್ದ. ಮೂವತ್ತಾರು ಜನರ ಮುಂದೆ ವಾರ ವಾರ ತಪ್ಪೊಪ್ಪಿಕೊಳ್ಳುತ್ತಿದ್ದೇನೆ, ಒಬ್ಬರ ಕಿವಿಗೂ ಬೀಳುತ್ತಿಲ್ಲ.

ಐಸ್ ಮಾರುವ ಒಬ್ಬ ಬೇಕೆಂದೇ ನನ್ನ ಬಲಗಡೆ ಬಂದು ಕೂತ. "ನನ್ನ ಬಗ್ಗೆನೂ ನಿಜ ಹೇಳು, ನೋಡೋಣ" ಎಂದ. ಹೇಳಿದೆ. ಅವನಿಗೆ ಕಣ್ಣಲ್ಲಿ ನೀರು ಬಂತು, ಯಾಕೆಂದು ಅರ್ಥವಾಗಲಿಲ್ಲ. ಅವನಿಗೆ ಐಸ್ ಕಂಡರೆ ಆಗುವುದಿಲ್ಲ, ಹಲ್ಲು ಜುಮ್ಮೆನ್ನುತ್ತದೆ, ಆದರೂ ಅಣ್ಣ ಬಿಟ್ಟುಹೋದ ವ್ಯಾಪಾರವೆಂದು ಹದಿನಾಲ್ಕು ವರ್ಷದಿಂದ ನಡೆಸುತ್ತಿದ್ದಾನೆ ಎಂದಷ್ಟೇ ಹೇಳಿದ್ದು. ಅವನನ್ನು ಹಲ್ಲಿನ ಡಾಕ್ಟರ್ ಪಕ್ಕ ಕೂರಿಸಿ ಬಂದೆ.

ಫೆಬ್ರವರಿ 12, ಬುಧವಾರ

ಕೂಟ ಮುಗಿದ ಮೇಲೆ ಕುರ್ಚಿ ಮಡಚುತ್ತಿದ್ದಾಗ ದೋನ್ ಎವರಿಸ್ತೊ ಬಂದರು. "ನಿಮ್ಮಮ್ಮ ತುಂಬಾ ಚೆನ್ನಾಗಿ ಬರೆದಿದಾರೆ, ಮಗಳೇ. ನಾವೆಲ್ಲ ಓದಿ ಮೆಚ್ಕೊಂಡ್ವಿ."

ಏನು ಬರೆದಿದ್ದಾಳೆ?

ಸದಸ್ಯರ ಮಕ್ಕಳಲ್ಲಿ ಒಬ್ಬರಿಗೆ ಒಕ್ಕೂಟ ಪ್ರತಿ ವರ್ಷ ಕಾಲೇಜಿನ ವಿದ್ಯಾರ್ಥಿವೇತನ ಕೊಡುತ್ತದೆ. ಅಮ್ಮ ನನ್ನ ಹೆಸರಿನಲ್ಲಿ ಅರ್ಜಿ ಹಾಕಿದ್ದಾಳೆ. ಅವಳು ಒಕ್ಕೂಟ ಸೇರಿದ್ದೇ ಅದಕ್ಕೆ. ಪಟ್ಟಿಯಲ್ಲಿ ನನ್ನ ಹೆಸರು ಮೊದಲನೆಯದಾಗಿದೆ. ಮಾರ್ಚ್ 26ರ ಕೂಟದಲ್ಲಿ ಘೋಷಣೆ.

"ಹೈಸ್ಕೂಲ್ ಸರ್ಟಿಫಿಕೇಟಿನ ನಕಲು ಒಂದು ಬಾಕಿ ಇದೆ, ಅಷ್ಟೇ" ಎಂದರು.

ನಾನು ಮಡಚಿದ ಕುರ್ಚಿಯನ್ನು ಮತ್ತೆ ಬಿಡಿಸಿ ಅದರ ಮೇಲೆ ಕೂತೆ.

ಫೆಬ್ರವರಿ 13, ಗುರುವಾರ

ಅಮ್ಮ ಅರ್ಜಿಯ ಪ್ರತಿಯನ್ನು ನೂಲಿನ ಡಬ್ಬಿಯ ಕೆಳಗೆ ಇಟ್ಟಿದ್ದಾಳೆ. ಕೇಳದೆ ಓದಿದೆ. ತಪ್ಪು, ಆದರೂ ಓದಿದೆ.

ಎರಡು ಪುಟ. ಇಂಗ್ಲಿಷ್‌ನಲ್ಲಿ ಬರೆಯಲು ಯಾರ ಸಹಾಯವನ್ನೂ ಪಡೆದಿಲ್ಲವೆಂದು ಗೊತ್ತಾಗುತ್ತದೆ. ಒಂದು ಕಡೆ ಹೀಗಿದೆ: "ನನ್ನ ಮಗಳು ಹೈಸ್ಕೂಲ್ ಪದವಿ ಪಡೆದ ದಿನ ನಾನು ಇರಲಿಲ್ಲ. ಎಲ್ಲ ತಾಯಂದಿರೂ ಇದ್ದರು. ಅವಳು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಇದು ಆ ದಿನಕ್ಕಾಗಿ."

ಎತ್ತಿ ಆಡುವುದೇನು ಬಂತು. ಆ ದಿನ ನಾನು ನದಿಯ ಹತ್ತಿರ ಬಾತುಕೋಳಿಗಳಿಗೆ ಚಿಪ್ಸ್ ಹಾಕುತ್ತಿದ್ದೆ.

ಮಧ್ಯಾಹ್ನ ಅಮ್ಮ ತಾನಾಗಿಯೇ ಬಾಯಿ ಬಿಟ್ಟಳು. "ಗೊತ್ತಾಯ್ತಂತೆ ನಿಂಗೆ. ಸರಿ. ಆ ಸರ್ಟಿಫಿಕೇಟಿಗೆ ಏನಾದ್ರೂ ಮಾಡ್ಬೇಕಲ್ಲ. ನಾಳೆ ಅಂಚೆ ಕಚೇರಿಗೆ ಹೋಗಿ ಜಗಳ ಆಡ್ತೀನಿ."

"ಅಲ್ಲಿಗೆ ಹೋದ್ರೆ ಪ್ರಯೋಜನ ಇಲ್ಲಮ್ಮ."

"ಯಾಕಿಲ್ಲ?"

"ಅಂಚೆಯವರ ತಪ್ಪಲ್ಲ ಅದು."

"ಹಾಗಾದ್ರೆ ಶಾಲೆಗೇ ಹೋಗ್ತೀನಿ."

ಗಿರಾಕಿ ಬಂದ. ನಾನು ಅಷ್ಟು ಪ್ರೀತಿಯಿಂದ ಯಾವ ಗಿರಾಕಿಯನ್ನೂ ಮಾತಾಡಿಸಿರಲಿಲ್ಲ.

ಫೆಬ್ರವರಿ 22, ಶನಿವಾರ

ಹನ್ನೆರಡು ಸೂಜಿಯ ಕಸೂತಿ ಯಂತ್ರ ನಿಂತಿತು. ಏಪ್ರಿಲ್‌ನ ಫಿಯೆಸ್ತಾ ಹಬ್ಬಕ್ಕೆ ಅಂಗಿಗಳ ರಾಶಿ ಬಿದ್ದಿರುವ ಹೊತ್ತು. ಅಮ್ಮ ಯಂತ್ರಕ್ಕೆ ಬೈದಳು, ಆಮೇಲೆ ಮುದ್ದು ಮಾಡಿದಳು, ಎರಡಕ್ಕೂ ಅದು ಜಗ್ಗಲಿಲ್ಲ. ನಾನು ದೋನ್ಯಾ ಓರ್ತೆನ್ಸಿಯಗೆ ಫೋನ್ ಮಾಡಿದೆ.

ಅವಳು ಎಂಟಕ್ಕೆ ಬಂದಳು. "ಯಾರು ಇದನ್ನ ಮುಟ್ಟಿದ್ದು?" ಎಂಬುದೇ ಮೊದಲ ಮಾತು. ಅಮ್ಮ ನನ್ನ ಕಡೆ ನೋಡಿದಳು. ನಾನು "ಅಮ್ಮ" ಎಂದೆ, ನಿಜ ತಾನೇ.

ಓರ್ತೆನ್ಸಿಯ ಅಡಿಯ ತಟ್ಟೆ ಬಿಚ್ಚಿ ದೀಪ ಹಿಡಿಯಲು ಹೇಳಿದಳು. ಸೂಜಿ ಕೆಳಗಿಳಿದು ಮೇಲೇಳುವಾಗ ದಾರ ಒಂದು ಪುಟ್ಟ ಕುಣಿಕೆಯಾಗುತ್ತದೆ. ಅಷ್ಟರಲ್ಲಿ ಅಡಿಯ ಕೊಕ್ಕೆ ಬಂದು ಆ ಕುಣಿಕೆಯನ್ನು ಹಿಡಿಯಬೇಕು. ಕೂದಲೆಳೆಯಷ್ಟು ತಡವಾದರೂ ದಾರ ತುಂಡು. ಅವಳು ತೋರಿಸಿದಳು. ನಾನು ಮಾಡಿದೆ, ತಪ್ಪಿತು. ಮತ್ತೆ ಮಾಡಿದೆ. "ಕಣ್ಣಲ್ಲಿ ನೋಡ್ಬೇಡ ಕಣೇ, ಚಕ್ರ ಕೈಯಲ್ಲಿ ತಿರುಗಿಸಿ ನೋಡು. ಬೆರಳಿಗೆ ಗೊತ್ತಾಗುತ್ತೆ" ಎಂದಳು. ಏಳನೇ ಸಲಕ್ಕೋ ಎಂಟನೇ ಸಲಕ್ಕೋ ಕೂತಿತು. ಆಮೇಲೆ ಉಳಿದ ಸೂಜಿಗಳನ್ನೂ ಒಂದೊಂದಾಗಿ ಪರೀಕ್ಷಿಸಿದೆವು.

ತಲೆ ಎತ್ತಿದಾಗ ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ. ಅದರ ಬ್ಯಾಟರಿ ಹೋಗಿರಬೇಕು ಅಂದುಕೊಂಡೆ. ಫೋನಿನಲ್ಲೂ ಹನ್ನೊಂದೂವರೆ.

ಹೋಗುವಾಗ ಓರ್ತೆನ್ಸಿಯ ಅಮ್ಮನಿಗೆ ಹೇಳಿದಳು: "ನಂಗೆ ಬೆನ್ನು ನೋವು. ಯಂತ್ರದ ಕೆಳಗೆ ನುಗ್ಗೋಕೆ ಒಂದು ಆಳು ಬೇಕು. ಇವಳನ್ನ ಕೊಡ್ತೀಯಾ?"

"ಇವಳು ಕಾಲೇಜಿಗೆ ಹೋಗೋಳು" ಎಂದಳು ಅಮ್ಮ.

ಓರ್ತೆನ್ಸಿಯ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತು. ಅವಳಿಗೂ ಒಂದು ಬುಧವಾರ ಹೇಳಿದ್ದೆ. ಬಹುಶಃ ಕಿವಿಗೆ ಹಾಕಿಕೊಂಡವಳು ಅವಳೊಬ್ಬಳೇ. ಸಲಕರಣೆ ಪೆಟ್ಟಿಗೆ ಎತ್ತಿಕೊಂಡಳು.

ಮಾರ್ಚ್ 5, ಬುಧವಾರ

ಬೂದಿ ಬುಧವಾರ, ಚರ್ಚಿನವರ ಉಪವಾಸ ಕಾಲ ಶುರುವಾಗುವ ದಿನ. ಮಾಂಸದ ಟಾಕೊ ಇಲ್ಲ. ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡ ಮೂವತ್ತಾರು ಜನ ಒಬ್ಬರನ್ನೊಬ್ಬರು ಹೊಗಳುತ್ತಿದ್ದರು.

ಕೂಟ ಮುಗಿದ ಮೇಲೆ ದೋನ್ ಎವರಿಸ್ತೊ ಅವರನ್ನು ಕಾಫಿ ಪಾತ್ರೆಯ ಹತ್ತಿರ ಹಿಡಿದೆ. "ನನ್ನ ಹೆಸರು ತೆಗೆದುಬಿಡಿ. ನಾನು ಹೈಸ್ಕೂಲ್ ಮುಗಿಸಿಲ್ಲ."

"ಗೊತ್ತಲ್ಲ, ನೀನೇ ಹೇಳಿದ್ದೆ" ಎಂದವರು ಲೋಟ ಅರ್ಧಕ್ಕೆ ನಿಲ್ಲಿಸಿದರು. "ತಡಿ. ಅದು ನಿಜಾನಾ?"

"ನಾನು ಯಾವಾಗ ಸುಳ್ಳು ಹೇಳಿದೀನಿ?"

"ನಾವು ವಿನಯ ಅಂದ್ಕೊಂಡ್ವಲ್ಲೇ!" ಎಂದು ಕುರ್ಚಿ ಎಳೆದು ಕೂತರು. ತಾವು ಹೇಳಿದ "ವಿಶ್ರಾಂತಿ" ನೆನಪಾಯಿತೋ ಏನೋ, ಹಣೆ ಒರೆಸಿಕೊಂಡರು, ಬೂದಿ ಕೆನ್ನೆಗೆ ಬಂತು. "ಅಮ್ಮನಿಗೆ?"

"ಗೊತ್ತಿಲ್ಲ."

"ಹೆಸರು ತೆಗೀತೀನಿ. ಸಾಲಿನಲ್ಲಿ ಎರಡನೇದು ಒಳ್ಳೇ ಹುಡುಗಿ."

"ನೀವೇ ಅಮ್ಮನಿಗೆ ಹೇಳ್ತೀರಾ? ನಿಮಗೆ ಅಭ್ಯಾಸ ಇದೆ."

"ಐವತ್ತು ವರ್ಷದಿಂದ ಮನೆಯವರ ಹತ್ರ ಕಷ್ಟದ ಮಾತು ಆಡೋದೇ ನನ್ನ ಕೆಲಸ" ಎಂದರು. "ಆದ್ರೆ ಆ ಮಾತನ್ನ ಆಡಬೇಕಾದೋರು ಅಲ್ಲಿ ಪೆಟ್ಟಿಗೆಯೊಳಗೆ ಮಲಗಿರ್ತಾರೆ, ಮಗಳೇ. ಅದಕ್ಕೇ ನಾನು ಆಡ್ತೀನಿ. ನೀನು ನಿಂತಿದೀಯಲ್ಲ."

ಗಡುವು 26ರವರೆಗೆ.

ಮಾರ್ಚ್ 18, ಮಂಗಳವಾರ

ಮೂರು ಸಲ ಪ್ರಯತ್ನಿಸಿದೆ.

ಒಂದನೇ ಸಲ: ಅಮ್ಮ ಅಂಗಿ ಎಣಿಸುತ್ತಿದ್ದಳು, ನಡುವೆ ಮಾತಾಡಿದ್ದಕ್ಕೆ ಬೈದಳು.

ಎರಡನೇ ಸಲ: "ಅಮ್ಮ, ಒಂದು ವಿಷಯ" ಎಂದೆ. "ನಿನ್ನ ಮುಖ ನೋಡಿದ್ರೆ ಬಸುರಿ ಅನ್ನೋ ಹಾಗಿದೀಯ" ಎಂದಳು. ಅಲ್ಲ ಎಂದೆ. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಮೊದಲಾಗಿದ್ದರೆ ಕೆಡಿಸುತ್ತಿದ್ದೆ.

ಮೂರನೇ ಸಲ: ಇವತ್ತು. ಶಾಲೆಗೆ ಹೋಗಲು ಅವಳಿಗೆ ಬಿಡುವಾಗಿಲ್ಲ, ಫಿಯೆಸ್ತಾದ ಅಂಗಿಗಳಿಗೆ ಥ್ಯಾಂಕ್ಸ್. ಆದರೆ ಸಂಜೆ ನೀಲಿ ಬ್ಲೌಸ್ ಒಂದನ್ನು ಕೊಂಡು ತಂದಿದ್ದಾಳೆ. "26ಕ್ಕೆ ನಾನೂ ಬರ್ತೀನಿ. ಆ ದಿನ ಬರಲಿಲ್ಲ, ಈ ದಿನ ತಪ್ಪಿಸ್ಕೊಳ್ಳಲ್ಲ" ಎಂದಳು. ಬ್ಲೌಸಿನ ತೋಳು ಒಂದಿಷ್ಟು ಉದ್ದ. ಚೆನ್ನಾಗಿದೆಯಾ ಎಂದು ಕೇಳಿದಳು. "ಬಣ್ಣ ಚೆನ್ನಾಗಿದೆ" ಎಂದೆ.

ಮಾರ್ಚ್ 26, ಬುಧವಾರ

ಎಲ್ಲವನ್ನೂ ಬರೆದಿಡುತ್ತೇನೆ.

ಅಮ್ಮ ಆರೂ ಇಪ್ಪತ್ತಕ್ಕೇ ಹಾಲ್ ತಲುಪಿಸಿದಳು. ಬಾಗಿಲು ತೆರೆದಿರಲಿಲ್ಲ. ಒಂದೇ ಮನೆಯವರು ಅಕ್ಕಪಕ್ಕ ಕೂರಬಾರದು ಎಂಬುದು ವಾಡಿಕೆ. ದೋನ್ ಎವರಿಸ್ತೊ ಅವಳಿಗೆ ಬೇರೆ ಮೇಜು ತೋರಿಸಿದರೆ ಅಮ್ಮ ನನ್ನ ತೋಳು ಬಿಡಲೇ ಇಲ್ಲ. "ನಾನು ಇವಳ ಹತ್ರಾನೇ. ಇಲ್ದಿದ್ರೆ ಕಾರಲ್ಲಿ ಕೂತಿರ್ತೀನಿ." ಅವರು ನನ್ನನ್ನು ನೋಡಿದರು. ಹೇಳಿದೆಯಾ ಎಂದು ಕಣ್ಣಲ್ಲೇ ಕೇಳಿದರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಒಂದು ಉಸಿರು ಬಿಟ್ಟು ಅಮ್ಮನನ್ನು ನನ್ನ ಎಡಕ್ಕೆ ಕೂರಿಸಿದರು. ನನ್ನ ಬಲಕ್ಕೆ ಓರ್ತೆನ್ಸಿಯ.

ಅಂದರೆ ನನ್ನ ಪರಿಚಯ ಮಾಡಬೇಕಾದವಳು ಅಮ್ಮ. ಅದು ಅಮ್ಮನಿಗೆ ತಡವಾಗಿ ಹೊಳೆಯಿತು. "ನಾನು ಎದ್ದು ನಿಲ್ಬೇಕಾ? ಇಷ್ಟು ಜನರ ಮುಂದೆ?" ಮುಖ ಬಿಳಿಚಿಕೊಂಡಿತು.

"ಒಂದೇ ನಿಮಿಷ ಅಮ್ಮ."

ವಿಚಾರಿಸುವ ಹೊತ್ತು ಶುರುವಾಯಿತೆಂದು ಗಂಟೆ ಹೊಡೆಯಿತು. ಅಮ್ಮ ಕೈ ಒರೆಸಿಕೊಂಡಳು. "ನಿನ್ನನ್ನ ಏನು ಕೇಳೋದು? ನಾನೇ ಹೆತ್ತಿದ್ದು."

"ನಿಯಮ ಅಂದ್ರೆ ನಿಯಮ. ಗೊತ್ತಿಲ್ಲದವರನ್ನ ಕೇಳೋ ಹಾಗೆ ಕೇಳ್ಬೇಕು."

ಅವಳಿಗೆ ಆಟವೆನಿಸಿತು, ಸ್ವಲ್ಪ ಧೈರ್ಯವೂ ಬಂತು. ಗಲ್ಲಾದ ಹಿಂದಿನ ದನಿ ತೆಗೆದಳು. "ತಮ್ಮ ಹೆಸರೇನಮ್ಮ?"

"ನಯೇಲಿ."

"ಯಾರ ಮಗಳು?"

"ಅಂಪಾರೊ ಅಂತ. ಕಸೂತಿ ಅಂಗಡಿ ಇಟ್ಟಿದಾರೆ. ಒಳ್ಳೆಯವರು, ಸ್ವಲ್ಪ ಜೋರು."

"ಹೌದಾ? ಕೇಳಿಲ್ಲ" ಎಂದು ಕಿಸಕ್ಕನೆ ನಕ್ಕಳು. "ಎಲ್ಲೀವರೆಗೆ ಓದಿದೀರಾ?"

ಅವಳು ಹೀಗೆ, ಇಷ್ಟು ನೇರವಾಗಿ, ಯಾವತ್ತೂ ಕೇಳಿರಲಿಲ್ಲ. ಬಂತಾ ಎಂದಷ್ಟೇ ಕೇಳುತ್ತಿದ್ದಳು.

"ಹನ್ನೆರಡನೇ ತರಗತಿ, ಫೆಬ್ರವರಿವರೆಗೆ" ಎಂದೆ. "ಆಮೇಲೆ ಹೋಗಲಿಲ್ಲ. ಪರೀಕ್ಷೆ ಬರೀಲಿಲ್ಲ. ಪದವಿ ದಿನ ನಾನೂ ಇರಲಿಲ್ಲ. ಸರ್ಟಿಫಿಕೇಟ್ ಬರೋದೂ ಇಲ್ಲ, ಯಾಕಂದ್ರೆ ಯಾರೂ ಕಳಿಸಿಲ್ಲ."

ಅಮ್ಮ ಇನ್ನೂ ನಗುತ್ತಿದ್ದಳು. ನಗು ಮುಖದ ಮೇಲೆ ಉಳಿದಿತ್ತು, ಕಣ್ಣು ಮಾತ್ರ ಬೇರೆ ಕಡೆ ಹೋಗಿತ್ತು. ಕೈಯಲ್ಲಿದ್ದ ಟಾಕೊದ ಫಾಯಿಲನ್ನು ಮಡಚಿದಳು, ಮತ್ತೆ ಮಡಚಿದಳು, ಉಗುರಿನಷ್ಟು ಆಗುವವರೆಗೆ.

"ಯಾಕೆ?" ಅದು ಗಲ್ಲಾದ ದನಿಯಲ್ಲ.

"ಕೂರೋಕಾಗಲಿಲ್ಲ. ಇನ್ನೇನೂ ಕಾರಣ ಇಲ್ಲ, ಹುಡುಕಿ ನೋಡಿದೆ."

ಪರಿಚಯದ ಸರದಿ ಸುತ್ತುತ್ತ ಬಂತು. ನಾನು ಎದ್ದು ಓರ್ತೆನ್ಸಿಯ ಬಗ್ಗೆ ಏನೋ ಹೇಳಿದೆ, ಏನೆಂದು ನೆನಪಿಲ್ಲ. ನಮ್ಮ ಮೇಜಿನಲ್ಲಿ ಕೊನೆಯವಳು ಅಮ್ಮ. ಅವಳು ಏಳುವುದಿಲ್ಲ, ಚೀಲ ಎತ್ತಿಕೊಂಡು ಕಾರಿಗೆ ಹೋಗುತ್ತಾಳೆ ಎಂದುಕೊಂಡೆ.

ಎದ್ದಳು. ಮೇಜಿನ ಅಂಚು ಹಿಡಿದುಕೊಂಡಳು.

"ನನ್ನ ಹೆಸರು ಅಂಪಾರೊ. ಅದನ್ನ ಹೇಳ್ಬಾರ್ದಂತೆ, ಹೇಳ್ಬಿಟ್ಟೆ. ಇವಳು ನಯೇಲಿ, ನನ್ನ ಮಗಳು. ಇವಳ ವಿಷಯ ನಂಗೆಲ್ಲಾ ಗೊತ್ತು ಅಂತ ಬೆಳಿಗ್ಗೆ ಮನೆಯಿಂದ ಹೊರಟೆ. ಇವಳು ಹೈಸ್ಕೂಲ್ ಮುಗಿಸಿಲ್ಲ. ನಂಗೆ ಗೊತ್ತಾಗಿ ಅರ್ಧ ಗಂಟೆ ಆಯ್ತು."

ಯಾರೂ ಕಾಫಿ ಕಲಕಲಿಲ್ಲ.

"ಇವಳ ಪದವಿ ದಿನ ನಾನು ಬರಲಿಲ್ಲ ಅಂತ ಎರಡು ವರ್ಷ ಕೊರಗಿದೀನಿ. ಇವಳೂ ಹೋಗಿರ್ಲಿಲ್ವಂತೆ. ಅಂದ್ಮೇಲೆ ನಾನು ತಪ್ಪಿಸ್ಕೊಂಡಿದ್ದೇನು? ಏನೂ ಇಲ್ಲ."

ಯಾರೋ ನಕ್ಕು, ತಕ್ಷಣ ನಿಲ್ಲಿಸಿದರು. ಗಂಟೆ ಒತ್ತುವ ಹೊತ್ತಾಗಿತ್ತು. ದೋನ್ ಎವರಿಸ್ತೊ ಗಂಟೆಯ ಮೇಲೆ ಅಂಗೈ ಮುಚ್ಚಿ ಕೂತಿದ್ದರು.

"ಆ ವಿದ್ಯಾರ್ಥಿವೇತನ ಇವಳಿಗೆ ಬೇಡ, ಓದೋರಿಗೆ ಕೊಡಿ. ಇವಳಿಗೆ ಕೂರೋಕಾಗಲ್ಲ ಅಂತಾಳೆ. ಆದ್ರೆ ಹೋದ ತಿಂಗಳು ನಮ್ಮ ಯಂತ್ರ ಕೆಟ್ಟಾಗ ಮೂರೂವರೆ ಗಂಟೆ ಅದರ ಮುಂದೆ ಕೂತಿದ್ಲು. ನೀರೂ ಕುಡೀಲಿಲ್ಲ. ನಾನು ನೋಡ್ತಾನೇ ಇದ್ದೆ. ಅರ್ಜೀಲಿ ಎರಡು ಪುಟ ಏನೇನೋ ಬರೆದೆ, ಅದನ್ನ ಬರೀಲಿಲ್ಲ."

ಅವಳು ಕೂತಳು. ಐಸ್ ಮಾರುವವನು ಚಪ್ಪಾಳೆ ತಟ್ಟಿದ. ಅಮ್ಮ ಅವನ ಕಡೆ ತಿರುಗಿ, "ಚಪ್ಪಾಳೆ ಯಾಕ್ರೀ? ಮನೆಗೆ ಹೋದ್ಮೇಲೆ ಇವಳಿಗೆ ಇದೆ" ಎಂದಳು.



ಮಾರ್ಚ್ 27, ಗುರುವಾರ

ಮಾತಿಲ್ಲ.

ಮಾರ್ಚ್ 28, ಶುಕ್ರವಾರ

"ಉಪ್ಪು ಕೊಡು" ಎಂದಳು. ಕೊಟ್ಟೆ.

ಮಾರ್ಚ್ 30, ಭಾನುವಾರ

ಚರ್ಚಿನಿಂದ ಬರುತ್ತ ದಾರಿಯಲ್ಲಿ ಅಮ್ಮ ಕಾರನ್ನು ಬದಿಗೆ ನಿಲ್ಲಿಸಿದಳು.

"ನೀನು ಸುಳ್ಳು ಹೇಳಲಿಲ್ಲ ಅಂತ ಹೇಳ್ಬೇಡ" ಎಂದಳು. "ನಾಲ್ಕು ದಿನದಿಂದ ನೀನು ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡ್ಕೊಂಡೆ. ಎಲ್ಲಾ ನಿಜವೇ. ಅದಕ್ಕೇ ಇನ್ನೂ ಸಿಟ್ಟು."

ನನ್ನ ಹತ್ತಿರ ಉತ್ತರವಿತ್ತು, ಚೆನ್ನಾಗಿಯೂ ಇತ್ತು. ಹೇಳಲಿಲ್ಲ.

"ಮೋಸ ಮಾಡಿದೆ, ಅಮ್ಮ" ಎಂದೆ.

ಅವಳು ಸ್ಟೀರಿಂಗ್ ಮೇಲಿನ ಹೊಲಿಗೆ ಕೀಳುತ್ತಿದ್ದಳು. "ಆ ಸಿಡುಕಿ ಮುದುಕಿಗೆ ನಿಜವಾಗ್ಲೂ ಆಳು ಬೇಕಾ?"

"ಬೇಕಂತೆ. ಲಾರೆದೊ, ಈಗಲ್ ಪಾಸ್, ದೆಲ್ ರಿಯೊ, ಗಡಿ ಊರುಗಳಿಗೆಲ್ಲ ಹೋಗ್ಬೇಕು. ಎರಡೆರಡು ವಾರ ಹೊರಗೆ. ಆರು ತಿಂಗಳು ಕಲಿಸಿ ಆಮೇಲೆ ಇಟ್ಕೊಳ್ಳೋದೋ ಬಿಡೋದೋ ಹೇಳ್ತಾಳಂತೆ."

"ನೀನು ಒಂಬತ್ತು ದಿನಕ್ಕೆ ಬಿಟ್ಟು ಬಂದ್ರೆ?"

"ಬರಬಹುದು" ಎಂದೆ. ಬರುವುದಿಲ್ಲ ಎಂದು ಹೇಳಬೇಕೆನಿಸಿತ್ತು, ಆದರೆ ನನಗೆ ಗೊತ್ತಿರಲಿಲ್ಲ.

ಅಮ್ಮ ಕಾರು ಶುರು ಮಾಡಿದಳು. "ಇದು ಮಾತು" ಎಂದಳು.

ಏಪ್ರಿಲ್ 6, ಭಾನುವಾರ

ಹೋದ ಬುಧವಾರ ಕೂಟಕ್ಕೆ ಅಮ್ಮನೇ ಹೋಗಿದ್ದಳು. ಏಳರ ಗಿರಾಕಿಗಳನ್ನು ಚಿಕ್ಕಮ್ಮನಿಗೆ ವಹಿಸಿ, ಆರೂ ಇಪ್ಪತ್ತಕ್ಕೇ. ಬಂದ ಮೇಲೆ ವರದಿ: ಬಲಗಡೆ ಸಾರಿಗೆ ಉದ್ಯಮಿ ಕೂತಿದ್ದನಂತೆ. "ಲಾರಿ ಎಷ್ಟು ಅಂತ ಕೇಳಿದೆ. ಒಂದು ಅಂದ. ಒಂದೇ ಅಂತ ಹೇಳಿದೆ. ಚೆನ್ನಾಗಿ ತೊಳೆದು ಇಟ್ಕೊಂಡಿದಾನೆ ಅಂತಾನೂ ಹೇಳಿದೆ, ಹೊರಗೆ ನಿಂತಿತ್ತು, ನೋಡಿದ್ದೆ." ನಾಲಿಗೆ ಒಣಗಿತಾ ಎಂದು ಕೇಳಿದೆ. "ಒಣಗಿತು. ಅದನ್ನ ಯಾರಿಗೂ ಹೇಳ್ಬೇಡ" ಎಂದಳು. ಇಲ್ಲಿ ಬರೆದದ್ದು ಯಾರಿಗೂ ಹೇಳಿದಂತಲ್ಲ.

ವಿದ್ಯಾರ್ಥಿವೇತನ ಪಡೆದ ಹುಡುಗಿ ಟೈರ್ ಅಂಗಡಿಯವನ ಮಗಳು. ನಾನು ಐದು ವಾರ ಕೆಲಸ ಮಾಡಿ ಬಿಟ್ಟ ಅಂಗಡಿ. ಅವಳು ದಾದಿಯಾಗುತ್ತಾಳಂತೆ.

ಬಟ್ಟೆ ಕಟ್ಟಿಕೊಂಡಿದ್ದೇನೆ, ಒಂದೇ ಚೀಲ. ಅಮ್ಮ ಎರಡು ಸಲ ಬಿಚ್ಚಿ, ಮತ್ತೆ ತನ್ನ ಹಾಗೆ ಮಡಚಿ ಇಟ್ಟಳು. ಓರ್ತೆನ್ಸಿಯ ಫೋನಿನಲ್ಲಿ, "ಐದೂವರೆ ಅಂದ್ರೆ ಐದೂವರೆ. ಹಾರ್ನ್ ಹೊಡೆಯಲ್ಲ, ಹೊರಟುಬಿಡ್ತೀನಿ" ಎಂದಿದ್ದಾಳೆ.

ನಾಳೆ ಬೆಳಿಗ್ಗೆ ಲಾರೆದೊಗೆ ಹೊರಡುತ್ತೇನೆ.